ಫ್ರಿಜ್‌ನಲ್ಲಿ ಇಡಲಾಗಿದೆ

ಜನವರಿ 11

ಅಣ್ಣನವರಿಗೆ ನಮಸ್ಕಾರ.

ಕಿವಿ ಮಂದವಾದ ಮೇಲೆ ನೀವು ಫೋನು ಮುಟ್ಟುವುದಿಲ್ಲವೆಂದೂ, ಮುಟ್ಟಿದರೆ ಆ ಕಡೆಯವರಿಗೆ ಬೈಗುಳವೊಂದೇ ಕೇಳಿಸುತ್ತದೆಂದೂ ಅತ್ತಿಗೆ ಹೇಳಿದರು. ಹಾಗಾಗಿ ಕಾಗದ. ಬರೆದು ಬೈಯಿರಿ, ಓದಿಕೊಳ್ಳುತ್ತೇನೆ. ರಸಾಯನಶಾಸ್ತ್ರ ವಿಭಾಗದ ಆ ಪ್ರಯೋಗಾಲಯದಲ್ಲಿ ಐದು ವರ್ಷ ಸಂಶೋಧನೆ ಮಾಡಿದೆ; ಸಹಾಯಕರಾಗಿದ್ದ ನಿಮ್ಮಿಂದ ಬೈಸಿಕೊಳ್ಳದ ದಿನ ಒಂದೂ ನೆನಪಿಲ್ಲ. ಫ್ಲಾಸ್ಕನ್ನು ಕುತ್ತಿಗೆ ಹಿಡಿದು ಎತ್ತಬೇಕು, ಹೊಟ್ಟೆ ಹಿಡಿದಲ್ಲ ಎಂದು ನೀವು ಕಲಿಸಿದ್ದನ್ನು ಈಗ ನನ್ನ ವಿದ್ಯಾರ್ಥಿಗಳಿಗೆ ನಿಮ್ಮದೇ ದನಿಯಲ್ಲಿ ಹೇಳುತ್ತೇನೆ. ಅವರೂ ಬೆನ್ನ ಹಿಂದೆ ನನಗೊಂದು ಅಡ್ಡಹೆಸರು ಇಟ್ಟಿರಬೇಕು. ನಿಮಗೆ ನಾವು ಇಟ್ಟದ್ದು ‘ರಿಜಿಸ್ಟರಣ್ಣ’. ಈಗ ಹೇಳಿದರೆ ತಪ್ಪಿಲ್ಲ.

ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ನನಗಿದು ಹದಿನಾಲ್ಕನೆಯ ವರ್ಷ. ನಿಮ್ಮಲ್ಲಿ ತಯಾರಿಸಿದ ನಲವತ್ತೇಳನೆಯ ಸಂಯುಕ್ತದ ಸೀಸೆಯೊಂದನ್ನೇ ಚೀಲದಲ್ಲಿಟ್ಟುಕೊಂಡು ಇಲ್ಲಿಗೆ ಬಂದೆ. ಕ್ಯಾನ್ಸರ್ ಕೋಶ ಒಡೆದು ಎರಡಾಗುವುದನ್ನು ಅದು ಅರ್ಧದಲ್ಲೇ ನಿಲ್ಲಿಸುತ್ತದೆ ಎಂದು ಕಂಡ ದಿನ ನಿಮಗೇ ಮೊದಲು ಬರೆದಿದ್ದೆ. ಈಗ ನನ್ನ ಹುದ್ದೆ, ಹೆಸರು, ಐದು ವಿದ್ಯಾರ್ಥಿಗಳ ಓದು ಎಲ್ಲ ನಿಂತಿರುವುದು ಅದರ ಮೇಲೆಯೇ. ಎಲ್ಲ ಚೆನ್ನಾಗಿ ನಡೆದಿದೆ.

ನಮ್ಮ ವಿಭಾಗಕ್ಕೆ ಐವತ್ತು ತುಂಬುತ್ತದಂತಲ್ಲ. ಸ್ಮರಣ ಸಂಚಿಕೆಗೆ ಆ ಸಂಯುಕ್ತದ ಬಗ್ಗೆಯೇ ಬರೆಯೋಣವೆಂದಿದ್ದೇನೆ. ಅದಕ್ಕೆ ಒಂದೆರಡು ವಿವರ ಬೇಕು. ಆ ವರ್ಷ ದ್ರಾವಕ ಯಾವ ಡ್ರಮ್ಮಿನದು? ಗಾಜಿನ ಸಾಮಾನನ್ನು ಆಮ್ಲದಲ್ಲಿ ತೊಳೆಯುತ್ತಿದ್ದೆವೋ, ಬರೀ ಸೋಪಿನಲ್ಲೋ? ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ರಜೆ ಹೋಗಿದ್ದೆನಲ್ಲ, ಆ ದಿನಗಳಲ್ಲಿ ನನ್ನ ಫ್ಲಾಸ್ಕನ್ನು ಎಲ್ಲಿಟ್ಟಿದ್ದಿರಿ? ಅವಸರವಿಲ್ಲ. ಆದರೂ ಬೇಗ ಬರೆದರೆ ಉಪಕಾರ.

ನಿಮ್ಮ ತಂಗಿ

---

ಜನವರಿ 20

ತಂಗೀ,

‘ಅವಸರವಿಲ್ಲ, ಬೇಗ ಬರೆಯಿರಿ’ ಎಂದು ಒಂದೇ ಉಸಿರಿನಲ್ಲಿ ಬರೆಯುವವರು ಸರ್ಕಾರದವರು ಮಾತ್ರ ಎಂದುಕೊಂಡಿದ್ದೆ. ಇರಲಿ.

ಸ್ಮರಣ ಸಂಚಿಕೆ ಮಾಡುತ್ತಾರಂತೆ, ಸ್ಮರಣೆಯನ್ನೆಲ್ಲ ಗುಜರಿಗೆ ಹಾಕಿ. ಹೋದ ವರ್ಷ ಹಳೆಯ ಕಟ್ಟಡ ಖಾಲಿ ಮಾಡುವಾಗ ನಾನು ಬರೆದಿಟ್ಟ ಮೂವತ್ತೊಂದು ವರ್ಷದ ಮೂವತ್ತೊಂದು ರಿಜಿಸ್ಟರುಗಳನ್ನು ಮುರಿದ ಕುರ್ಚಿಗಳ ಜೊತೆ ಲಾರಿಗೆ ಏರಿಸಿದ್ದರು. ನಾನು ಲಾರಿಯ ಮುಂದೆ ನಿಂತೆ. ಗುಜರಿಯವನೇ ವಾಸಿ, ತಾನಾಗಿಯೇ ಇಳಿಸಿಕೊಟ್ಟ. ಈಗಿನ ಮುಖ್ಯಸ್ಥರಿಗೆ ಹೇಳಿದರೆ ಎಲ್ಲ ಕಂಪ್ಯೂಟರಿನಲ್ಲಿದೆ ಎಂದರು. ಕಂಪ್ಯೂಟರ್ ಬರುವ ಮುಂಚಿನದ್ದೂ ಇದೆಯೇ ಎಂದು ಕೇಳಿದೆ. ಬಾಗಿಲು ಹಾಕಿಕೊಂಡರು. ಇದನ್ನೇ ಪತ್ರಿಕೆಗೆ ಬರೆದರೆ, ಮುಖ್ಯವಾದ ಪ್ಯಾರಾ ಕತ್ತರಿಸಿ ‘ಹಳೆಯ ನೆನಪು’ ಎಂದು ಶೀರ್ಷಿಕೆ ಕೊಟ್ಟು ಛಾಪಿಸಿದರು. ಅದು ನೆನಪಲ್ಲ, ದೂರು.

ಇಂಥವರೇ ಮೇ ತಿಂಗಳ ಸಮಾರಂಭದಲ್ಲಿ ನನಗೆ ‘ಪ್ರಾಮಾಣಿಕ ಸೇವೆ’ಯ ಫಲಕ ಕೊಡುತ್ತಾರಂತೆ. ನಿನ್ನ ಅತ್ತಿಗೆ ಈಗಲೇ ಗೋಡೆಯಲ್ಲಿ ಜಾಗ ನೋಡಿಟ್ಟಿದ್ದಾಳೆ.

ನಿನ್ನ ಪ್ರಶ್ನೆಗಳು. ದ್ರಾವಕ ಆ ವರ್ಷ ಮೂರನೆಯ ಡ್ರಮ್ಮಿನದು, ನಾನೇ ಎರಡು ಸಲ ಬಟ್ಟಿ ಇಳಿಸಿದ್ದು. ಗಾಜಿಗೆ ಸೋಪು, ನೀರು, ಕೊನೆಗೆ ಬಟ್ಟಿ ಇಳಿಸಿದ ನೀರು. ಆಮ್ಲದ ತೊಟ್ಟಿ ಸೋರುತ್ತಿದ್ದುದರಿಂದ ಆ ವರ್ಷವಿಡೀ ಬಳಸಲಿಲ್ಲ. ಫ್ಲಾಸ್ಕಿನ ವಿಷಯ ರಿಜಿಸ್ಟರಿನಲ್ಲಿ ಇದ್ದ ಹಾಗೆಯೇ ನಕಲು ಮಾಡುತ್ತೇನೆ: ‘ಸಂಖ್ಯೆ 47. ಅಲ್ಯೂಮಿನಿಯಂ ಹಾಳೆ ಸುತ್ತಿ ಫ್ರಿಜ್‌ನಲ್ಲಿ ಇಡಲಾಗಿದೆ.’ ಕೆಳಗೆ ನನ್ನ ಸಹಿ.

ನಿನ್ನ ಅಣ್ಣ

---

ಫೆಬ್ರವರಿ 3

ಅಣ್ಣನವರಿಗೆ,

ನಿಮ್ಮ ಕಾಗದದಿಂದ ಎಷ್ಟು ಉಪಕಾರವಾಯಿತೆಂದು ನಿಮಗೆ ಗೊತ್ತಿಲ್ಲ. ಒಂದು ಪಟ್ಟಿ ಮಾಡಿಕೊಂಡಿದ್ದೆ. ಅದರಲ್ಲಿ ಮೂರು ಸಾಲಿಗೆ ಗೆರೆ ಎಳೆದೆ. ನೀವು ಬರೆದಿಟ್ಟಿದ್ದೀರಿ ಎಂದರೆ ಅಲ್ಲಿಗೆ ಮುಗಿಯಿತು. ಇನ್ನು ಆ ಕಡೆ ನೋಡಬೇಕಿಲ್ಲ.

ಇಲ್ಲಿ ಜೀವಶಾಸ್ತ್ರದವರ ನಡುವೆ ಈಗಲೂ ನಾನು ಹೊರಗಿನವಳೇ. ರಸಾಯನದವರೆಂದರೆ ಇವರಿಗೆ ಅಡುಗೆಯವರು. ‘ಏನಮ್ಮ, ಇವತ್ತೇನು ಬೇಯಿಸ್ತಿದ್ದೀರಿ’ ಎಂದೇ ಮಾತು ಶುರು. ನಾನೂ ಬಿಡುವುದಿಲ್ಲ, ನಿಮ್ಮ ಕೋಶಗಳಿಗೆ ಊಟ ಹಾಕುವವರು ಯಾರು ಎನ್ನುತ್ತೇನೆ. ಅವು ನಿಜವಾಗಿಯೂ ಮಕ್ಕಳ ಹಾಗೆ. ದಿನ ಬಿಟ್ಟು ದಿನ ಆಹಾರ ಬದಲಿಸಬೇಕು, ಬಿಸಿ ಹೆಚ್ಚಾದರೆ ಮುನಿಸು, ಕಡಿಮೆಯಾದರೆ ನಿದ್ದೆ. ಫ್ಲಾಸ್ಕಿನೊಳಗೆ ಏನಿದೆಯೆಂದು ಕೊನೆಯ ಅಣುವಿನವರೆಗೂ ತಿಳಿದುಕೊಂಡೇ ಮುಂದೆ ಹೋಗುವುದನ್ನು ಕಲಿತವಳಿಗೆ, ಹತ್ತರಲ್ಲಿ ಎಂಟು ಸಲ ಕಾರಣವೇ ತಿಳಿಯದ ಈ ಲೋಕ ಒಗ್ಗಲು ಬಹಳ ದಿನ ಹಿಡಿಯಿತು. ಅಮ್ಮನ ಹೊಟ್ಟೆಯಲ್ಲಿದ್ದದ್ದು ಏನು, ಅದು ಏಕೆ ನಿಲ್ಲಲಿಲ್ಲ ಎಂಬ ಒಂದೇ ಪ್ರಶ್ನೆಗೆ ಇಲ್ಲಿಗೆ ಬಂದೆ. ಉತ್ತರ ಇನ್ನೂ ದೂರ.

ಆಸ್ಪತ್ರೆಯಿಂದ ಕರೆ ಬಂದ ದಿನ ನೆನಪಾಯಿತು. ನನ್ನ ಚೀಲ ಹೊತ್ತು ಬಸ್ಸಿನವರೆಗೂ ಬಂದವರು ನೀವು. ನಾನು ಆಗಲೂ ಫ್ಲಾಸ್ಕಿನ ಬಗ್ಗೆಯೇ ಏನೋ ಹೇಳುತ್ತಿದ್ದೆ. “ಫ್ಲಾಸ್ಕ್ ನಾನು ನೋಡ್ಕೋತೀನಿ, ನೀನು ಅಮ್ಮನ್ನ ನೋಡ್ಕೋ” ಅಂದಿರಿ. ಆ ಹನ್ನೊಂದು ದಿನ ನಾನು ನಿಶ್ಚಿಂತೆಯಿಂದ ಅಮ್ಮನ ಪಕ್ಕ ಕೂರಲು ಆದದ್ದು ಆ ಒಂದು ಮಾತಿನಿಂದ. ಇದುವರೆಗೂ ಅದಕ್ಕೆ ಕೃತಜ್ಞತೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ನಿಮ್ಮ ತಂಗಿ

---

ಏಪ್ರಿಲ್ 17

ತಂಗೀ,

ಎರಡೂವರೆ ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ನಾನೂ ಬರೆಯಲಿಲ್ಲ. ನಿನ್ನ ಹಿಂದಿನ ಕಾಗದಕ್ಕೆ ಏನು ಉತ್ತರ ಬರೆಯಬೇಕೆಂದು ತಿಳಿಯಲಿಲ್ಲ.

ನಿನ್ನೆ ಗ್ರಂಥಾಲಯದಲ್ಲಿ, ನಿನ್ನ ನಲವತ್ತೇಳರ ಪ್ರಬಂಧ ಅಚ್ಚಾಗಿತ್ತಲ್ಲ, ಆ ಪತ್ರಿಕೆಯ ಹೊಸ ಸಂಚಿಕೆ ಹುಡುಕಿಸಿದೆ. ಗ್ರಂಥಪಾಲಕಿ ತಂದುಕೊಟ್ಟು ಪಕ್ಕದಲ್ಲೇ ನಿಂತಳು. ಕೊನೆಯ ಪುಟದಲ್ಲಿ ಚೌಕಟ್ಟು ಹಾಕಿ ನಿನ್ನ ಹೆಸರು. ಈ ಪ್ರಬಂಧದ ಫಲಿತಾಂಶಗಳನ್ನು ಬೇರೆ ಎರಡು ಪ್ರಯೋಗಾಲಯಗಳಿಗೆ ಮತ್ತೆ ಪಡೆಯಲಾಗಲಿಲ್ಲ, ತನಿಖೆ ನಡೆದಿದೆ, ಅಲ್ಲಿಯವರೆಗೆ ಓದುಗರು ಎಚ್ಚರದಿಂದಿರಬೇಕು ಎಂದು. ಕಳ್ಳರಿದ್ದಾರೆ ಎಚ್ಚರಿಕೆ ಎಂದು ಬಸ್ಸಿನಲ್ಲಿ ಬರೆಯುವ ಹಾಗೆ!

ನನಗೆ ಮೈಯೆಲ್ಲ ಉರಿಯಿತು. ಯಾರವರು? ನಿನ್ನ ಏಳಿಗೆ ಕಂಡು ಹೊಟ್ಟೆಯುರಿದವರಲ್ಲದೆ ಮತ್ಯಾರು? ಈ ದೇಶದಲ್ಲಾಗಲಿ ಬೇರೆಲ್ಲಾಗಲಿ, ಹೆಣ್ಣುಮಗಳೊಬ್ಬಳು ಎರಡು ಶಾಸ್ತ್ರದಲ್ಲಿ ಕಾಲಿಟ್ಟರೆ ಎರಡೂ ಕಡೆಯವರು ಕಾಲೆಳೆಯುತ್ತಾರೆ; ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಸಂಪಾದಕರಿಗೆ ನಾಲ್ಕು ಪುಟ ಬರೆದಿಟ್ಟಿದ್ದೇನೆ. ವಿಳಾಸ ಕಳಿಸು.

ಒಂದು ಮಾತು. ನೀನು ಕೇಳಿದ್ದು ಸ್ಮರಣ ಸಂಚಿಕೆಗಲ್ಲ, ಅಲ್ಲವೇ?

ನಿನ್ನ ಅಣ್ಣ

---

ಏಪ್ರಿಲ್ 25

ಅಣ್ಣನವರಿಗೆ,

ದಯವಿಟ್ಟು ಸಂಪಾದಕರಿಗೆ ಬರೆಯಬೇಡಿ. ಯಾರೂ ಹೊಟ್ಟೆಯುರಿದುಕೊಂಡಿಲ್ಲ. ಅವರು ಹೇಳುತ್ತಿರುವುದು ನಿಜ.

ಸ್ಮರಣ ಸಂಚಿಕೆ ಎಂದದ್ದು ಸುಳ್ಳು. ನಿಮಗೆ ಸುಳ್ಳು ಹೇಳಲು ನಾಚಿಕೆಯಾಯಿತು, ನಿಜ ಹೇಳಲು ಇನ್ನೂ ಹೆಚ್ಚು. ನಡೆದದ್ದು ಇಷ್ಟು. ಹಳೆಯ ಸೀಸೆಯಲ್ಲಿದ್ದದ್ದು ಹೋದ ವರ್ಷ ಮುಗಿಯಿತು. ಬೇರೆಯವರು ತಯಾರಿಸಿದ ನಲವತ್ತೇಳು ಕೆಲಸ ಮಾಡುತ್ತಿಲ್ಲ ಎಂದಾಗ, ಅವರಿಗೆ ಮಾಡಲು ಬಂದಿಲ್ಲ ಎಂದು ನಕ್ಕು ನಾನೇ ಹೊಸದಾಗಿ ತಯಾರಿಸಿದೆ. ಎಂಥ ಹರಳು ಬಂತು ಗೊತ್ತೇ ಅಣ್ಣ! ಸೂಜಿಯಂಥ ಹರಳು. ಹಳೆಯದು ಕೊನೆಯವರೆಗೂ ಅಂಟಂಟು, ಜೇನಿನ ಹಾಗೆ. ಹರಳು ಕಂಡರೆ ರಸಾಯನದವರಿಗೆ ಮಗು ಹುಟ್ಟಿದಷ್ಟು ಸಂತೋಷ. ಈ ಸಲ ಹಿಂದಿಗಿಂತ ಶುದ್ಧವಾಗಿದೆ ಎಂದು ಬೀಗಿದೆ. ಕೋಶಗಳ ಮೇಲೆ ಹಾಕಿದೆ. ಅವು ಏನೂ ಆಗದವರ ಹಾಗೆ ಎರಡು, ನಾಲ್ಕು, ಎಂಟಾದವು. ಮತ್ತೆ ಶುದ್ಧ ಮಾಡಿದೆ. ಮತ್ತೆ ಅದೇ. ಹನ್ನೊಂದು ತಿಂಗಳಿಂದ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದೇನೆ.

ಹಳೆಯದರಲ್ಲಿ ಬೇರೇನೋ ಇತ್ತು. ಏನೆಂದು ಇಪ್ಪತ್ಮೂರು ಸಾಧ್ಯತೆಗಳ ಪಟ್ಟಿ ಮಾಡಿದೆ. ಒಂದೊಂದನ್ನು ಪರೀಕ್ಷಿಸಲು ಮೂರು ವಾರ ಬೇಕು; ವಿದ್ಯಾರ್ಥಿಗಳೂ ಸೇರಿ ಮೂರು ಮೂರನ್ನು ಒಟ್ಟಿಗೆ ನಡೆಸುತ್ತಿದ್ದೇವೆ. ಬೆಳಕು ಅದರಲ್ಲಿ ಎರಡನೆಯದಾಗಿತ್ತು, ಏಕೆಂದರೆ ಈ ಜಾತಿಯ ಅಣುಗಳು ಬಿಸಿಲಿಗೆ ಮೈ ಮುರಿಯುತ್ತವೆ. ನೀವು ಹಾಳೆ ಸುತ್ತಿ ಫ್ರಿಜ್‌ನಲ್ಲಿಟ್ಟ ದಾಖಲೆ ಸಿಕ್ಕಿತು, ಅದಕ್ಕೆ ಗೆರೆ ಎಳೆದೆ. ಈಗ ಹದಿನಾರನೆಯದರಲ್ಲಿದ್ದೇನೆ.

ಜೂನ್ ಕೊನೆಯೊಳಗೆ ಕಾರಣ ತೋರಿಸದಿದ್ದರೆ ಪ್ರಬಂಧ ವಾಪಸು ಪಡೆಯಬೇಕು. ಅದರ ಹಿಂದೆಯೇ ಪ್ರಯೋಗಾಲಯ ಹೋಗುತ್ತದೆ. ಇಬ್ಬರು ವಿದ್ಯಾರ್ಥಿಗಳು ಆಗಲೇ ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡರು. ತಪ್ಪು ಅವರದ್ದಲ್ಲ.

ನಿಮ್ಮ ತಂಗಿ

---

ಏಪ್ರಿಲ್ 29

ತಂಗೀ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಎರಡು ಸಲ ಓದಿ ಈಗಲೇ ಕೂತು ಬರೆಯುತ್ತಿದ್ದೇನೆ. ನಾಳೆಗೆ ಬಿಟ್ಟರೆ ಧೈರ್ಯ ಸಾಲದು.

ಫ್ಲಾಸ್ಕ್ ಫ್ರಿಜ್‌ನಲ್ಲಿರಲಿಲ್ಲ.

ನೀನು ಹೋದ ಐದನೆಯ ದಿನ ವಿಭಾಗಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. ಅದರ ಹಿಂದಿನ ದಿನ ಸಂಜೆ ಆಗಿನ ಮುಖ್ಯಸ್ಥರು ಒಳಗೆ ಬಂದು ಫ್ರಿಜ್ ತೆರೆದು ನೋಡಿದರು. “ಇದನ್ನೆಲ್ಲ ಹೊರಗೆ ತೆಗೆದಿಡಯ್ಯ. ಸಮಿತಿಯವರಿಗೆ ಬೆಚ್ಚಗಿನ ಜ್ಯೂಸ್ ಕೊಡೋಕಾಗುತ್ತಾ?” ಎಂದರು. ಸಂಶೋಧಕರ ಸಾಮಾನು ಇದು, ಕೆಡುತ್ತದೆ ಎಂದೆ. ನಾಲ್ಕು ದಿನಕ್ಕೆ ಏನೂ ಕೆಡುವುದಿಲ್ಲ ಎಂದರು. ಪ್ರಯೋಗಾಲಯದ ಫ್ರಿಜ್‌ನಲ್ಲಿ ಕುಡಿಯುವ ಪದಾರ್ಥ ಇಡಬಾರದು ಎಂಬ ಫಲಕ ಅದರ ಬಾಗಿಲಿನಲ್ಲೇ ಇತ್ತು. ಅದನ್ನು ಬರೆಸಿದವರೂ ಅವರೇ. ಫಲಕ ಕಳಚಿಸಿ ಇಪ್ಪತ್ನಾಲ್ಕು ಬಾಟಲಿ ಕಿತ್ತಳೆ ಜ್ಯೂಸ್ ಇಡಿಸಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಬಣ್ಣ ಇರುವ ಫ್ಲಾಸ್ಕುಗಳನ್ನೆಲ್ಲ ಹಾಳೆ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡು, ಬಿಸಿಲು ಬಿದ್ದರೆ ನೋಡಲು ಚೆನ್ನಾಗಿರುತ್ತದೆ ಎಂದರು. ನಿನ್ನದು ತಿಳಿ ಹಳದಿ. ಸಾಲಿನಲ್ಲಿ ಮಧ್ಯಕ್ಕೆ ಬಂತು. ನಾನೇ ಬಿಚ್ಚಿದೆ, ನಾನೇ ಇಟ್ಟೆ. ಬಾಯಿ ಬಿಟ್ಟರೆ ಪತ್ರಿಕೆಗೆ ಬರೆಯುವ ಮನುಷ್ಯ ಅಂದು ಬಾಯಿ ಬಿಡಲಿಲ್ಲ. ಸಮಿತಿಯವರು ರಿಜಿಸ್ಟರ್ ನೋಡುತ್ತಾರೆಂದು ಪ್ರತಿ ಫ್ಲಾಸ್ಕಿನ ಮುಂದೆ ‘ಹಾಳೆ ಸುತ್ತಿ ಫ್ರಿಜ್‌ನಲ್ಲಿ ಇಡಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಹಾಗೆ ಬರೆ ಎಂದು ಯಾರೂ ಹೇಳಲಿಲ್ಲ. ಅದು ನನ್ನದೇ ಬುದ್ಧಿ. ರಿಜಿಸ್ಟರ್ ಚೊಕ್ಕವಾಗಿರಬೇಕಿತ್ತು, ಅಷ್ಟೇ.

ಸಮಿತಿ ನಾಲ್ಕು ದಿನ ಇತ್ತು. ಹೋದ ಮೇಲೆ ನೋಡಿದರೆ ನಿನ್ನ ಫ್ಲಾಸ್ಕಿನಲ್ಲಿ ದ್ರಾವಕ ಅರ್ಧಕ್ಕೆ ಇಳಿದಿತ್ತು. ಹಾಳೆ ಸುತ್ತಿ ಫ್ರಿಜ್‌ಗೆ ಸೇರಿಸಿದೆ. ನೀನು ಬಂದ ದಿನ ಹೇಳಲೇಬೇಕೆಂದು ಬಾಗಿಲಲ್ಲೇ ನಿಂತಿದ್ದೆ. ನಿನ್ನ ಮುಖ ನೋಡಿದೆ. ತಾಯಿಯನ್ನು ಕಳೆದುಕೊಂಡು ಬಂದವಳಿಗೆ ನಿನ್ನ ಫ್ಲಾಸ್ಕೂ ಹೋಯಿತು ಎಂದು ಹೇಗೆ ಹೇಳಲಿ? ನೀನು ಹಾಳೆ ಬಿಚ್ಚಿ, “ನೀವಿದ್ದೀರಿ ಅಂತಲೇ ಉಳೀತು ಅಣ್ಣ” ಅಂದೆ. ಆಮೇಲೆ ಹೇಳುವ ಬಾಗಿಲೇ ಮುಚ್ಚಿತು. ಮುಂದೆ ಅದು ಕೆಲಸ ಮಾಡುತ್ತದೆ ಎಂದು ನೀನು ಬರೆದಾಗ, ಸದ್ಯ, ಏನೂ ಆಗಿರಲಿಲ್ಲ ಎಂದು ನಿಟ್ಟುಸಿರು ಬಿಟ್ಟು ಮರೆತೆ. ಜನವರಿಯಲ್ಲಿ ನೀನು ಕೇಳಿದಾಗ ಅದೇ ಸಾಲನ್ನು ಎರಡನೆಯ ಸಲ ಬರೆದೆ. ಮೊದಲನೆಯದಕ್ಕೆ ಮುಖ್ಯಸ್ಥರ ನೆಪವಿತ್ತು. ಎರಡನೆಯದಕ್ಕೆ ಯಾವ ನೆಪವೂ ಇಲ್ಲ.

ಊರಿನವರ ಸುಳ್ಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡು ಬದುಕಿದವನು ನಾನು. ನಿನ್ನ ಮೂರು ತಿಂಗಳು ನನ್ನಿಂದ ಹಾಳಾಯಿತು.

ಅಣ್ಣ

---

ಮೇ 6

ನಿಮ್ಮ ಪತ್ರ ತಲುಪಿತು.

ಪಟ್ಟಿಯ ಎರಡನೆಯ ಸಾಲು ಅದು. ಫೆಬ್ರವರಿಯಲ್ಲಿ ಮೂರು ವಾರ ಸಾಕಿತ್ತು. ನಿಮ್ಮ ಸಹಿ ಇದೆ ಎಂದೇ ಹೊಡೆದುಹಾಕಿದೆ. ಬೇರೆ ಯಾರು ಬರೆದುಕೊಟ್ಟಿದ್ದರೂ ಒಮ್ಮೆ ಪರೀಕ್ಷಿಸಿ ನೋಡುತ್ತಿದ್ದೆ.

ಈಗ ಇದಕ್ಕಿಂತ ಹೆಚ್ಚು ಬರೆಯಲಾರೆ.

---

ಮೇ 24

ತಂಗೀ,

ಉತ್ತರ ಬೇಕೆಂದು ಬರೆಯುತ್ತಿಲ್ಲ. ನೀನು ಬೈದಿದ್ದರೆ ಒಳ್ಳೆಯದಿತ್ತು. ಬೈಗುಳ ನನಗೆ ಪರಿಚಯದ ಭಾಷೆ, ಮೌನ ಅಲ್ಲ.

ಸಮಾರಂಭದವರಿಗೆ ಫಲಕ ಬೇಡವೆಂದು ಬರೆದು ಕಳಿಸಿದೆ. ನಿನ್ನ ಅತ್ತಿಗೆ ಏಕೆ ಎಂದಳು. ಹೇಳಿದೆ. ಅವಳು, “ಆ ಹುಡುಗಿ ಊಟ ಮಾಡ್ತಿದ್ದಾಳೋ ಇಲ್ಲವೋ ಕೇಳಿ” ಎಂದಳು. ಕೇಳಿದ್ದೇನೆ.

ಆ ವರ್ಷದ ರಿಜಿಸ್ಟರನ್ನು ಬೇರೆಯಾಗಿ ಅಂಚೆಗೆ ಹಾಕಿದ್ದೇನೆ. ಯಾರ ಮುಂದೆ ಬಂದು ಹೇಳಬೇಕೋ ಹೇಳು, ಬರುತ್ತೇನೆ.

ಅಣ್ಣ

---

ಜೂನ್ 12

ಅಣ್ಣನವರಿಗೆ,

ಐದು ವಾರ ಬರೆಯಲಿಲ್ಲ. ಕೋಪದಿಂದ ಎಂದುಕೊಂಡಿರುತ್ತೀರಿ. ಮೊದಲ ವಾರ ಕೋಪವೇ. ಆಮೇಲೆ ಪುರುಸೊತ್ತಿರಲಿಲ್ಲ. ಆಮೇಲೆ ಹೆದರಿಕೆ: ಬರೆದ ಮೇಲೆ ಫಲಿತಾಂಶ ಉಲ್ಟಾ ಆದರೆ?

ಕೆಲಸ ಮಾಡಿತು, ಅಣ್ಣ.

ನಮ್ಮ ಕಟ್ಟಡದ ಪ್ರಯೋಗಾಲಯಗಳಲ್ಲಿ ಕಿಟಕಿಯೇ ಇಲ್ಲ. ಎಲ್ಲ ದೀಪ, ಎಲ್ಲ ತಂಪು ಗಾಳಿ. ಸೂಜಿ ಹರಳನ್ನು ದ್ರಾವಕದಲ್ಲಿ ಕರಗಿಸಿ, ಫ್ಲಾಸ್ಕನ್ನು ಕುತ್ತಿಗೆ ಹಿಡಿದು, ವಿಭಾಗಗಳ ನಡುವಿನ ಮೊಗಸಾಲೆಯ ಕಿಟಕಿಯಲ್ಲಿಟ್ಟೆ. ಯಾರಾದರೂ ಎಸೆದಾರೆಂದು ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ಹಗಲೆಲ್ಲ ಕೂತೆ, ನಾಲ್ಕು ದಿನ. ಹೋಗಿ ಬರುವವರೆಲ್ಲ ‘ಏನಮ್ಮ, ಇವತ್ತು ಬಿಸಿಲಡುಗೆಯೋ’ ಎಂದರು. ಐದನೆಯ ದಿನ ದ್ರಾವಕ ಆರಿಸಿದಾಗ ಹರಳು ಬರಲಿಲ್ಲ. ಅಂಟಂಟಾದ, ಜೇನಿನಂಥದ್ದು ತಳದಲ್ಲಿ ನಿಂತಿತು. ಅದನ್ನು ನೋಡಿ ಅತ್ತೆ. ಹರಳು ಬರದಿದ್ದಕ್ಕೆ ಸಂತೋಷಪಟ್ಟು ಅತ್ತ ರಸಾಯನದವಳು ನಾನೊಬ್ಬಳೇ ಇರಬೇಕು.

ವಿಷಯ ಸರಳ. ಈ ಅಣುವಿಗೆ ಎರಡು ಕೈ. ನಾನು ತಯಾರಿಸುವಾಗ ಒಂದು ಆ ಕಡೆ, ಒಂದು ಈ ಕಡೆ ಚಾಚಿರುತ್ತವೆ, ಅದೇ ಹರಳು. ಬಿಸಿಲಿನ ಪೆಟ್ಟಿಗೆ ಎರಡೂ ಒಂದೇ ಕಡೆಗೆ ತಿರುಗಿ ಮಡಚಿಕೊಳ್ಳುತ್ತವೆ, ಅದೇ ಅಂಟು. ಕೈ ಮಡಚಿಕೊಂಡಾಗಲೇ ಅದು ಕೋಶದ ಒಳಗೆ ಸರಿಯಾದ ಜಾಗದಲ್ಲಿ ಕೂರುತ್ತದೆ. ತೂಕ ಎರಡಕ್ಕೂ ಒಂದೇ. ಇಲ್ಲಿಯ ಯಂತ್ರ ತೂಕವನ್ನಷ್ಟೇ ನೋಡಿ ಹೌದು ನಲವತ್ತೇಳೇ ಎನ್ನುತ್ತಿತ್ತು. ರಜೆಯಿಂದ ಬಂದ ದಿನ ನಾನು ಇನ್ನೊಮ್ಮೆ ಪೂರ್ತಿ ಪರೀಕ್ಷೆಗೆ ಹಾಕಿದ್ದರೆ ಅಂದೇ ತಿಳಿಯುತ್ತಿತ್ತು. ಹೋಗುವ ಮುಂಚೆ ಹಾಕಿದ್ದೆನಲ್ಲ ಎಂದು ಬಿಟ್ಟೆ. ಹರಳಾಗಬೇಕಾದದ್ದು ಅಂಟಾಗಿದೆ, ಏಕೆ ಎಂದೂ ಕೇಳಲಿಲ್ಲ. ಅದು ನನ್ನ ತಪ್ಪು. ಅದನ್ನು ನಿಮ್ಮ ಹೆಗಲಿಗೆ ಹಾಕಿ ಆ ನಾಲ್ಕು ಸಾಲು ಬರೆದೆನಲ್ಲ, ಕ್ಷಮಿಸಿ.

ಆದರೆ ತೊಂದರೆ ಮುಗಿದಿಲ್ಲ. ತನಿಖೆಯವರು ಹೊಸ ಫಲಿತಾಂಶವನ್ನು ಒಪ್ಪುತ್ತಾರೆ. ಹದಿನಾಲ್ಕು ವರ್ಷದ ಹಿಂದಿನ ಸೀಸೆಯಲ್ಲೂ ಇದೇ ಇತ್ತು ಎಂಬುದನ್ನು ಒಪ್ಪುವುದಿಲ್ಲ. ದಾಖಲೆ ಫ್ರಿಜ್ ಎನ್ನುತ್ತದಲ್ಲ! ಈಗ ಅನುಕೂಲಕ್ಕೆ ಕಟ್ಟಿದ ಕಥೆ ಎನ್ನುತ್ತಾರೆ. ನೀವು ಬರುವಿರಾ? ಇಪ್ಪತ್ನಾಲ್ಕಕ್ಕೆ ವಿಚಾರಣೆ. ನಿಮ್ಮ ಸುಳ್ಳನ್ನು ನೀವೇ ಮೂರು ಜನರ ಮುಂದೆ ಹೇಳಬೇಕಾಗುತ್ತದೆ. ಬೇಡವೆನಿಸಿದರೆ ಬರಬೇಡಿ, ನಾನು ಒಂದು ಮಾತೂ ಆಡುವುದಿಲ್ಲ.

ಊಟ ಮಾಡುತ್ತಿದ್ದೇನೆಂದು ಅತ್ತಿಗೆಗೆ ಹೇಳಿ.

ನಿಮ್ಮ ತಂಗಿ

---

ಜೂನ್ 28

ತಂಗೀ,

ಸುಖವಾಗಿ ಮನೆ ಸೇರಿದೆ. ಬಸ್ ನಿಲ್ದಾಣದಲ್ಲಿ ನೀನು ಒಳಗೆ ಏನಾಯಿತು ಎಂದು ಮೂರು ಸಲ ಕೇಳಿದೆ. ‘ಕೇಳಿದ್ದಕ್ಕೆ ಹೇಳಿದೆ’ ಎಂದಷ್ಟೇ ನಾನು ಅಂದೆ. ಬಸ್ಸಿನ ಗದ್ದಲದಲ್ಲಿ ಹೇಳುವ ಮಾತಲ್ಲ ಅದು. ಈಗ ಬರೆಯುತ್ತೇನೆ.

ಉದ್ದನೆಯ ಮೇಜಿನ ಆ ಕಡೆ ಮೂವರು. ಎಡಕ್ಕೆ ಒಬ್ಬ ಹೆಂಗಸು, ಬಲಕ್ಕೆ ವಯಸ್ಸಿನಲ್ಲಿ ಸಣ್ಣವನೊಬ್ಬ, ನಡುವೆ ಅಧ್ಯಕ್ಷರು, ನೆರೆತ ತಲೆ. ನನಗೆ ಕೇಳಿಸುವುದಿಲ್ಲವೆಂದು ಆ ಹೆಂಗಸು ಪ್ರತಿ ಪ್ರಶ್ನೆಯನ್ನೂ ಕಾಗದದ ಮೇಲೆ ಬರೆದು ತೋರಿಸಿದಳು. ಒಳ್ಳೆಯವಳು. ನಾನು ಮೊದಲಿನಿಂದ ಹೇಳಿದೆ, ನಿನಗೆ ಬರೆದ ಹಾಗೆಯೇ. ಅಧ್ಯಕ್ಷರು ರಿಜಿಸ್ಟರಿನ ಪುಟ ತೆರೆದು, ಕಾಗದಕ್ಕೆ ಕಾಯದೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದರು: “ಅವತ್ತು ಸುಳ್ಳು ಬರೆದವರು ಇವತ್ತು ನಿಜ ಹೇಳ್ತಿದ್ದೀರಿ ಅಂತ ನಾವು ಹೇಗೆ ನಂಬೋದು?”

ನ್ಯಾಯವಾದ ಪ್ರಶ್ನೆ. ಆಗ ಅವರ ಮುಖವನ್ನು ಸರಿಯಾಗಿ ನೋಡಿದೆ. ಮನಸ್ಸಿನಲ್ಲೇ ಕೂದಲು ಕಪ್ಪು ಮಾಡಿ, ಮೀಸೆ ಸೇರಿಸಿದೆ. ಗುರುತು ಸಿಕ್ಕಿತು.

“ನಂಬಬೇಡಿ ಸ್ವಾಮಿ. ನಿಮ್ಮ ಜಾಗದಲ್ಲಿ ನಾನಿದ್ರೂ ನಂಬ್ತಿರಲಿಲ್ಲ” ಅಂದೆ. “ಆದ್ರೆ ಫ್ರಿಜ್‌ನಲ್ಲಿ ಅವತ್ತು ಏನಿತ್ತು ಅಂತ ನಿಮಗೂ ಗೊತ್ತು. ಆ ಸಮಿತೀಲಿ ಎಲ್ಲರಿಗಿಂತ ಚಿಕ್ಕವರು ನೀವೇ. ಎರಡು ಬಾಟ್ಲಿ ಕುಡಿದ್ರಿ. ಎರಡನೇದು ಕೊಟ್ಟಾಗ, ಇದು ಮೊದಲಿನದಕ್ಕಿಂತ ತಣ್ಣಗಿದೆ ಅಂದ್ರಿ.”

ಬಲಗಡೆಯವನು ಬಾಯಿಗೆ ಕೈ ಅಡ್ಡ ಹಿಡಿದ. ಅಧ್ಯಕ್ಷರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಇಲ್ಲ, ನೋಡಿದ್ದು ನನ್ನನ್ನಲ್ಲ, ಎಲ್ಲೋ ಹಿಂದಕ್ಕೆ. ಆಮೇಲೆ ಮೆಲ್ಲಗೆ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಆ ಹೆಂಗಸು ಬರೆದು ತೋರಿಸಿದಳು. ಆ ಕಾಗದ ಕೇಳಿ ಪಡೆದುಕೊಂಡು ಬಂದಿದ್ದೇನೆ. ಅದರಲ್ಲಿ ಇರುವುದು: “ಕಿಟಕಿ ಹತ್ತಿರ ಸಾಲಾಗಿ ಇಟ್ಟಿದ್ರು. ಮಧ್ಯದಲ್ಲಿ ಹಳದಿ. ನಾನೇ ಅದನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿದ್ದೆ.”

ಹಾಗಾದರೆ ತಾನೂ ಸಾಕ್ಷಿಯಾದೆ, ಅಧ್ಯಕ್ಷನಾಗಿ ಕೂರುವಂತಿಲ್ಲ ಎಂದು ಅಲ್ಲೇ ಎದ್ದರು. ತೀರ್ಮಾನ ತಡವಾಗುತ್ತದೆ ಎಂದು ಅವರು ನಿನಗೆ ಹೇಳಿದ್ದು ಅದಕ್ಕೇ. ಬಾಗಿಲವರೆಗೆ ನನ್ನ ಜೊತೆ ಬಂದು ಕೈ ಹಿಡಿದುಕೊಂಡರು. ತಂಗೀ, ದೊಡ್ಡವರ ಬಗ್ಗೆ ನಾನು ಬರೆದ ದೂರುಗಳಿಗೆ ಲೆಕ್ಕವಿಲ್ಲ. ಇವರ ಬಗ್ಗೆ ಒಂದು ಒಳ್ಳೆಯ ಮಾತು ಬರೆಯಬೇಕು ಎಂದುಕೊಂಡೆ. ಪತ್ರಿಕೆಯವರು ಅದನ್ನು ಛಾಪಿಸುವುದಿಲ್ಲ, ಬಿಡು.

ನಿನ್ನ ಮನೆಯಲ್ಲಿ ಎರಡು ದಿನ ಮಗಳ ಮನೆಯಲ್ಲಿದ್ದ ಹಾಗೆ ಇದ್ದೆ. ಕ್ಷಮಿಸಿದ್ದೇನೆ ಎಂದು ನೀನು ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ನೀನು ನನ್ನ ಕನ್ನಡಕ ಒರೆಸಿ ದಿಂಬಿನ ಪಕ್ಕ ಇಟ್ಟಿದ್ದೆ. ಅಷ್ಟು ಸಾಕು.

ನಿನ್ನ ಅಣ್ಣ

---

ಆಗಸ್ಟ್ 19

ಅಣ್ಣನವರಿಗೆ,

ತೀರ್ಮಾನ ಬಂತು. ಪ್ರಬಂಧ ಉಳಿಯಿತು. ತಿದ್ದುಪಡಿಯೊಂದು ಅಚ್ಚಾಗುತ್ತದೆ. ಮೋಸವಾಗಿಲ್ಲ, ತಪ್ಪಾಗಿದೆ, ತಪ್ಪು ಇಂಥದ್ದು ಎಂದು. ಹೋಗಿದ್ದ ಇಬ್ಬರಲ್ಲಿ ಒಬ್ಬಳು ವಾಪಸು ಬಂದಿದ್ದಾಳೆ. ಹೊಸದಾಗಿ ಮಾಡಿದ ಅಂಟು ಹಳೆಯದಕ್ಕಿಂತ ಹತ್ತು ಪಟ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ. ಕೆಲಸ ಮಾಡುವುದು ಯಾವುದೆಂದು ಈಗ ಗೊತ್ತಲ್ಲ, ಹರಳನ್ನು ಪೂರ್ತಿ ಬೇರ್ಪಡಿಸುತ್ತೇನೆ. ಇದು ಔಷಧವಾಗಲು ಇನ್ನೂ ಎಷ್ಟು ವರ್ಷವೋ, ಆಗುವುದೋ ಇಲ್ಲವೋ. ಆದರೆ ಕೆಲಸ ನಡೆಯುತ್ತದೆ.

ನಿಮಗೊಂದು ಮಾತು ಹೇಳಬೇಕು. ಅಮ್ಮನ ಕೊನೆಯ ದಿನಗಳೂ ಆ ಕಿಟಕಿಯ ದಿನಗಳೂ ಒಂದೇ ಎಂದು ರಿಜಿಸ್ಟರಿನ ತಾರೀಖು ನೋಡಿದಾಗಲೇ ತಿಳಿದದ್ದು. ನಾನು ಅದಕ್ಕೆ ಅರ್ಥ ಕಟ್ಟುವವಳಲ್ಲ. ಬಿಸಿಲಿಗೆ ಯಾರ ತಾಯಿಯೂ ಗೊತ್ತಿಲ್ಲ. ಆದರೂ ನಾನು ಆಸ್ಪತ್ರೆಯಲ್ಲಿ ಏನೂ ಮಾಡಲಾಗದೆ ಕೂತಿದ್ದಾಗ ನಿಮ್ಮ ಕಿಟಕಿಯಲ್ಲಿ ನನ್ನ ಮುಂದಿನ ಹದಿನಾಲ್ಕು ವರ್ಷ ಸಿದ್ಧವಾಗುತ್ತಿತ್ತು ಎಂದು ನೆನೆದರೆ ಯಾರಿಗಾದರೂ ಕೈ ಮುಗಿಯಬೇಕೆನಿಸುತ್ತದೆ. ನಿಮಗೇ ಮುಗಿಯುತ್ತೇನೆ.

ತಿದ್ದುಪಡಿಯಲ್ಲಿ ನಿಮ್ಮ ಹೆಸರು ಬೇಡವೆಂದಿರಿ, ಹಾಕಿಲ್ಲ. ಆದರೆ ತಯಾರಿಸುವ ವಿಧಾನವನ್ನು ಪೂರ್ತಿ ಬರೆಯಲೇಬೇಕು. ಕೊನೆಯ ಸಾಲು ಹೀಗಿದೆ: ‘ಹಾಳೆ ಸುತ್ತದೆ, ಪಾರದರ್ಶಕ ಫ್ಲಾಸ್ಕಿನಲ್ಲಿ, ಕಿಟಕಿಯ ಬಿಸಿಲಿನಲ್ಲಿ ನಾಲ್ಕು ದಿನ ಇಡಬೇಕು.’ ಇನ್ನು ಮೇಲೆ ಎಲ್ಲಿ ಯಾರು ಇದನ್ನು ಮಾಡಿದರೂ ನೀವು ಅಂದು ಮಾಡಿದ್ದನ್ನೇ ಮಾಡಬೇಕು, ಬೇಕಂತಲೇ. ಇಲ್ಲದಿದ್ದರೆ ಬರುವುದು ಬರೀ ಹರಳು.

ಅಚ್ಚಿಗೆ ಹೋಗುವ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ತಿಂಗಳ ಕೊನೆಯವರೆಗೆ ತಿದ್ದಲು ಅವಕಾಶವಿದೆ.

ನಿಮ್ಮ ತಂಗಿ

---

ಆಗಸ್ಟ್ 24

ತಂಗೀ,

ಪ್ರತಿಯನ್ನು ಗ್ರಂಥಾಲಯಕ್ಕೆ ಒಯ್ದು, ಗ್ರಂಥಪಾಲಕಿಯನ್ನು ಪಕ್ಕ ಕೂರಿಸಿಕೊಂಡು ಓದಿದೆ. ಕೊನೆಯ ಸಾಲನ್ನು ಅವಳು ನನ್ನ ಕಿವಿಯ ಹತ್ತಿರ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದಳು. ನಾನು ಸ್ವಲ್ಪ ಹೊತ್ತು ಹೊರಗೆ ಮೆಟ್ಟಿಲ ಮೇಲೆ ಕೂತು ಬಂದೆ. ಇಷ್ಟು ವರ್ಷ ಓದಿದ ಯಾವ ಅಕ್ಷರಕ್ಕೂ ನಾನು ಹೀಗೆ ಋಣಿಯಾದದ್ದಿಲ್ಲ.

ಕೈ ಮುಗಿಯುವುದು ಗಿಗಿಯುವುದು ಬೇಡ. ನೀನು ಚೆನ್ನಾಗಿರು.

ಆದರೆ ಒಂದು ತಪ್ಪಿದೆ, ನನ್ನಿಂದಲೇ ಆದದ್ದು. ನಾಲ್ಕು ದಿನ ಎಂದು ಬರೆದಿದ್ದೀಯ. ನಾನು ಹಾಗೆ ಹೇಳಿದ್ದು ಸಮಿತಿ ಇದ್ದ ದಿನಗಳ ಲೆಕ್ಕದಲ್ಲಿ. ಮೂರನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ಸಂಜೆಯವರೆಗೂ ಬಿಸಿಲಿರಲಿಲ್ಲ, ಬಣ್ಣ ಹೊಳೆಯುತ್ತಿಲ್ಲವೆಂದು ಮುಖ್ಯಸ್ಥರು ನನ್ನ ಮೇಲೆ ರೇಗಿದ್ದು ಚೆನ್ನಾಗಿ ನೆನಪಿದೆ. ನಿನ್ನ ಮೊಗಸಾಲೆಯಲ್ಲಿ ನಾಲ್ಕಾಗಿರಬಹುದು. ಹಳೆಯ ಸೀಸೆಗೆ ಸಿಕ್ಕಿದ್ದು ಮೂರೂವರೆ ದಿನ. ಎರಡನ್ನೂ ಬೇರೆ ಬೇರೆಯಾಗಿ ಬರೆ.

ತಿಂಗಳು ಮುಗಿಯುವ ಮುಂಚೆ ತಿದ್ದು. ಮರೆಯಬೇಡ.

ನಿನ್ನ ಅಣ್ಣ